ಹೆಡ್‌ಲೈಟ್ ಹಾಕಿದರೆ ಎಸಿ ನಿಲ್ಲುವ ವ್ಯಾನು

ವರ್ತುಲ ರಸ್ತೆಯಿಂದ ಎಡಕ್ಕೆ ಇಳಿದರೆ ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಒಳಗೆ ಕಾಲಿಟ್ಟ ಕೂಡಲೇ ಎಡಗಡೆ ಚಾರ್ಜಿಗಿಟ್ಟ ಬ್ಯಾಟರಿಗಳ ಸಾಲು. ಗೋಡೆಯ ಮೊಳೆಗಳಿಗೆ ಹಳೇ ಗಾಡಿಗಳಿಂದ ಬಿಚ್ಚಿದ ವೈರುಗಳ ಕಟ್ಟು. ಯಾವುದು ಯಾವ ಗಾಡಿಯದೋ ನನಗಂತೂ ತಿಳಿಯಲಿಲ್ಲ. ಬಲಗಡೆ ಎಸಿ ಕೆಲಸದ ಜಾಗ: ಗ್ಯಾಸ್ ಸಿಲಿಂಡರು, ವ್ಯಾಕ್ಯೂಮ್ ಪಂಪು, ಕೆಂಪು ನೀಲಿ ಪೈಪುಗಳ ಗೇಜು. ನಡುವೆ ಗೋಡೆ ಇಲ್ಲ, ಆದರೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ.

ಈ ಎರಡು ಸೀಮೆಗಳ ನಡುವೆ ನಿಂತಿತ್ತು ಹಳೇ ವ್ಯಾನು. ಮದುವೆ, ತೀರ್ಥಯಾತ್ರೆ ಅಂತ ಬಾಡಿಗೆಗೆ ಓಡುವಂಥದ್ದು. ಡ್ರೈವರ್ ಹೇಳಿದ ದೂರು ವಿಚಿತ್ರವಾಗಿತ್ತು: ಹಗಲೆಲ್ಲ ತಣ್ಣಗಿರುವ ಎಸಿ, ಕತ್ತಲಾದರೆ ಬೆಚ್ಚನೆ ಗಾಳಿ ಬಿಡುತ್ತದೆ. ಬೇರೆ ಕಡೆ ಗ್ಯಾಸ್ ತುಂಬಿಸಿಯೂ ಆಗಿದೆಯಂತೆ.

ಮೊದಲು ಬಲಗಡೆಯವರು ಗೇಜು ಸಿಕ್ಕಿಸಿದರು. ಎಂಜಿನ್ ನಿಂತಿದ್ದಾಗ ಎರಡು ಮುಳ್ಳೂ ಸುಮಾರು 100 ಪಿಎಸ್ಐಯಲ್ಲಿ. ಎಂಜಿನ್ ಓಡಿಸಿ ಎಸಿ ಹಾಕಿದಾಗ ನೀಲಿ 35ರ ಆಸುಪಾಸಿಗೆ ಇಳಿಯಿತು, ಕೆಂಪು 200 ದಾಟಿತು. ಗ್ಯಾಸಿನದೇನೂ ತಕರಾರಿಲ್ಲ. ಅದು ಡೀಸೆಲ್ಲಿನಂತೆ ಓಡಿದಷ್ಟೂ ಖರ್ಚಾಗುವುದಲ್ಲ. ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಆದರೂ ತಣ್ಣಗಾಗದ ಗಾಡಿಗೆಲ್ಲ ಮೊದಲ ಮದ್ದು ಗ್ಯಾಸೇ. ದುಡ್ಡು ದಂಡ ಎನ್ನದೆ ವಿಧಿಯಿಲ್ಲ.

ಈಗ ಎಡಗಡೆಯ ಮೇಸ್ತ್ರಿಯ ಸರದಿ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಫ್ಯೂಸ್ ಬಾಕ್ಸ್ ತೆರೆದರು. ನಾನೂ ಬಗ್ಗಿ ನೋಡಿದೆ. ಕೆಂಪು 10 ಆಂಪಿಯರಿನದು, ನೀಲಿ 15, ಹಳದಿ 20, ಹಸಿರು 30. ನೀಲಿ ಇರಬೇಕಾದ ಒಂದು ಕಡೆ ಹಸಿರು ಕೂತಿತ್ತು. ವೈರು ಕಾಯುವ ಮೊದಲೇ ಕರಗಬೇಕಾದ ಫ್ಯೂಸಿಗೆ ಇಷ್ಟು ತ್ರಾಣ ಕೊಟ್ಟರೆ ಉರಿಯುವುದು ವೈರೇ. ಯಾರು ಹಾಕಿದರೆಂದು ಡ್ರೈವರಿಗೂ ಗೊತ್ತಿಲ್ಲ. ಪಕ್ಕದಲ್ಲೇ ಸ್ಪೀಕರಿಗೆ, ಬಣ್ಣದ ದೀಪಗಳಿಗೆ ಅಂತ ಕಿತ್ತು ಜೋಡಿಸಿ ಟೇಪು ಸುತ್ತಿದ ಗಂಟುಗಳು. ಮೇಸ್ತ್ರಿ ಅವನ್ನು ಸದ್ಯಕ್ಕೆ ಮುಟ್ಟಲಿಲ್ಲ. “ಲೈಟ್ ಹಾಕಪ್ಪಾ” ಎಂದರು.

ಹೆಡ್‌ಲೈಟ್ ಹತ್ತಿತು, ಆದರೆ ಮಂಕು. ಹಿಂದಿನ ಬ್ಲೋವರಿನ ಸದ್ದೂ ಇಳಿಯಿತು. ಸ್ವಲ್ಪ ಹೊತ್ತಿಗೆ ಕಂಪ್ರೆಸರ್ ತನ್ನ ಪಾಡಿಗೆ ಕಟ್ ಆಯಿತು, ಮತ್ತೆ ಹಿಡಿಯಲೇ ಇಲ್ಲ. ಲೈಟ್ ಆರಿಸಿದರೆ ಟಕ್ ಅಂತ ಹಿಡಿಯಿತು.

ಅಲ್ಟರ್ನೇಟರ್ ಹೋಗಿದೆ ಅಂದುಕೊಂಡೆ. ಬ್ಯಾಟರಿಯ ತುದಿಗಳಿಗೆ ಮೀಟರ್ ಹಿಡಿದರೆ 13.8 ವೋಲ್ಟ್; ಅದು ಸರಿಯಾಗೇ ಇದೆ. ಮುಂದಿನ ಪರೀಕ್ಷೆ ನಾನು ನೋಡಿರದಿದ್ದದ್ದು. ಎಲ್ಲ ಸ್ವಿಚ್ಚೂ ಹಾಕಿಟ್ಟು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಬಾಡಿಯ ಬರಿ ಲೋಹಕ್ಕೆ ಒತ್ತಿದರು. ಎರಡೂ ಒಂದೇ ಅರ್ಥ್, ಹಾಗಾಗಿ ಹತ್ತಿರ ಹತ್ತಿರ ಸೊನ್ನೆ ಬರಬೇಕು. ಬಂದದ್ದು 4ಕ್ಕಿಂತ ಹೆಚ್ಚು! ಅಂದರೆ ದೀಪ, ಬ್ಲೋವರ್, ಎಸಿಯ ರಿಲೇ ಎಲ್ಲಕ್ಕೂ ಸಿಗುತ್ತಿದ್ದದ್ದು 10 ವೋಲ್ಟಿಗಿಂತ ಕಡಿಮೆ. ಬಿಸಿಯಾದ ಹಳೇ ರಿಲೇ ಅಷ್ಟರಲ್ಲಿ ಎಳೆಯದು. ಹಗಲು ಹೆಡ್‌ಲೈಟಿನ ಹೊರೆ ಇಲ್ಲ, ಹೇಗೋ ನಡೆಯುತ್ತಿತ್ತು.

ವ್ಯಾನಿನಡಿ ನುಸುಳಿದರು. ಎಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿ ಹಸಿರುಗಟ್ಟಿ, ಬೋಲ್ಟಿನ ಬುಡದಲ್ಲಿ ಎಳೆ ಎಳೆಯಾಗಿ ತುಂಡಾಗಿತ್ತು. ಮುಟ್ಟಿದರೆ ಬಿಸಿ. ತುಕ್ಕು ಕೆರೆದು ಹೊಸ ಪಟ್ಟಿ ಬಿಗಿದ ಮೇಲೆ ಅದೇ ಮೀಟರ್ 0.1 ತೋರಿಸಿತು. ದೀಪ ಹತ್ತಿದರೂ ಕಂಪ್ರೆಸರ್ ಬಿಡಲಿಲ್ಲ.

ಫ್ಯೂಸೂ ನೀಲಿಯಾಯಿತು. ಹಿಂದಿನ ಬ್ಲೋವರ್ ಮಾತ್ರ ಒಂದು, ಎರಡನೇ ಸ್ಪೀಡಿನಲ್ಲಿ ತಿರುಗದು, ಮೂರರಲ್ಲಿ ತಿರುಗುತ್ತದೆ. ಗಾಳಿಯ ಕೊಳವೆಯೊಳಗಿನ ರೆಸಿಸ್ಟರ್ ಸುಟ್ಟಿದೆ, ಮೂರನೆಯದಕ್ಕೆ ಅದರ ಹಂಗಿಲ್ಲ ಎಂದರು ಮೇಸ್ತ್ರಿ. ಈ ಮಾಡೆಲ್ಲಿನ ರೆಸಿಸ್ಟರ್ ಗುಜರಿಯಲ್ಲೇ ಹುಡುಕಬೇಕು.

“ಮೂರೇ ಸಾಕಣ್ಣ, ಜನ ಕೇಳೋದೂ ಅದನ್ನೇ” ಎಂದು ಡ್ರೈವರ್ ಬಿಲ್ ಕೇಳಿದ.