ಎರಡು ಹೊಡೆತದ ಫಟಫಟಿ

ಯಾದಗಿರಿ, ಶಹಾಪುರ, ಸುರಪುರಗಳ ನಡುವಣ ರಸ್ತೆಗಳಲ್ಲಿ ಒಂದು ಕಾಲಕ್ಕೆ ಜನರು ವಾಹನವನ್ನು ಕಣ್ಣಿನಿಂದ ಕಾಣುವ ಮೊದಲೇ ಕಿವಿಯಿಂದ ಗುರುತಿಸುತ್ತಿದ್ದರು. ದೂರದ ಎರೆಹೊಲಗಳ ಆಚೆಯಿಂದ ‘ಫಟ್ ಫಟ್’ ಎಂಬ ಸದ್ದು ತೇಲಿ ಬಂದರೆ, “ಮಾಸ್ತರರ ಫಟಫಟಿ ಬಂತು” ಎಂದು ಹುಡುಗರು ಶಾಲೆಯ ಅಂಗಳದಿಂದ ವರ್ಗದೊಳಗೆ ಓಡುತ್ತಿದ್ದರು. ಆ ಮಾಸ್ತರನು ನಾನೇ. ಆ ಫಟಫಟಿಯು ನಾನು ೧೯೮೬ರಲ್ಲಿ ಒಬ್ಬ ಇಂಜಿನಿಯರರಿಂದ ಕೊಂಡ ಹಳೆಯ ಯೆಜ್ಡಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಕೆಲಸಕ್ಕೆಂದು ನಮ್ಮ ಕಡೆಗೆ ಬಂದ ನೌಕರರು ವರ್ಗವಾಗಿ ಹೋಗುವಾಗ ಇಂಥ ಗಾಡಿಗಳನ್ನು ಮಾರಿ ಹೋಗುತ್ತಿದ್ದುದುಂಟು.

ನಾನು ನಿವೃತ್ತನಾದ ಮೇಲೆ ಗಾಡಿಯೂ ನಿವೃತ್ತವಾಗಿ ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಆತನು ಶಹಾಪುರದಲ್ಲಿ ಲೇತ್ ಯಂತ್ರವನ್ನು ಇಟ್ಟುಕೊಂಡಿರುವ ಯುವಕ.

“ಸರ್, ಗಾಡಿ ಸುಮ್ನೆ ನಿಂತು ತುಕ್ಕು ಹಿಡೀಲಿಕತ್ತದ. ನನಗ ಕೊಡ್ರಿ, ರೇಸಿಗೆ ತಯಾರು ಮಾಡ್ತೀನಿ” ಎಂದನು.

“ರೇಸು ಯಾವ ರಸ್ತೆಯ ಮ್ಯಾಲ ಮಾಡ್ತೀಯೋ?” ಎಂದು ಕೇಳಿದೆ.

“ರಸ್ತೆ ಮ್ಯಾಲ ಅಲ್ರಿ ಸರ್, ಟ್ರ್ಯಾಕಿನ್ಯಾಗ.”

ಈ ಮಾತಿನ ಮೇಲೆ ಗಾಡಿಯನ್ನು ಕೊಟ್ಟೆನು. ಆದರೆ ಬಿಚ್ಚುವ, ಜೋಡಿಸುವ ಪ್ರತಿಯೊಂದು ದಿನವೂ ನಾನು ಎದುರಿಗೆ ಕುಳಿತಿರತಕ್ಕದ್ದೆಂದು ಕರಾರು ಮಾಡಿಕೊಂಡೆನು. ಇದಕ್ಕೆ ಒಂದು ಹಳೆಯ ಕಾರಣವಿತ್ತು; ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಯಂತ್ರದ ಕುಲವನ್ನು ಅರಿಯೋಣ. ಚೆಕೊಸ್ಲೊವಾಕಿಯ ದೇಶದಲ್ಲಿ ೧೯೨೯ರಲ್ಲಿ ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಪಡೆದನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಎಂದಾಯಿತು. ಅದೇ ಜಾವಾದ ಪರವಾನಿಗೆಯಿಂದ ೧೯೬೧ರಲ್ಲಿ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಗಾಡಿಗಳನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. ೧೯೯೬ರಲ್ಲಿ ಕಾರ್ಖಾನೆಯು ಮುಚ್ಚಿತು. ಕಿಕ್ ಹೊಡೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿರುವುದು, ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳಿರುವುದು ಇದರ ವಿಶೇಷ.

ಇದರ ಎಂಜಿನ್ ಎರಡು ಹೊಡೆತದ್ದು. ಸಾಮಾನ್ಯವಾದ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲಕ್ಕೂ ಎರಡು ಸಲ ಕೆಳಕ್ಕೂ ಹೋಗಿ ಬಂದರೆ ಒಂದು ಸ್ಫೋಟವಾಗುತ್ತದೆ. ಇದರಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಅಷ್ಟರಲ್ಲಿ ಕೆಲಸ ಮುಗಿಯಿತು. ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತ ತೆರೆಯುತ್ತ ಓಡಾಡುತ್ತದೆ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕಿನ ಗೂಡು ಗಾಳಿಯನ್ನೂ ಪೆಟ್ರೋಲನ್ನೂ ಒಳಗೆ ಎಳೆದುಕೊಳ್ಳುತ್ತದೆ; ಇಳಿಯುವಾಗ ಅದೇ ಗೂಡು ತಿದಿಯಂತೆ ಆ ಮಿಶ್ರಣವನ್ನು ಪಕ್ಕದ ಕಿಂಡಿಯಿಂದ ಮೇಲಕ್ಕೆ ಊದುತ್ತದೆ. ಹೊಸ ಮಿಶ್ರಣವು ಒಳನುಗ್ಗಿ ಹಳೆಯ ಹೊಗೆಯನ್ನು ಹೊರಕ್ಕೆ ದಬ್ಬುತ್ತದೆ. ಕ್ರ್ಯಾಂಕಿನ ಗೂಡನ್ನು ಹೀಗೆ ತಿದಿಯನ್ನಾಗಿ ಮಾಡುವ ಉಪಾಯವನ್ನು ಇಂಗ್ಲೆಂಡಿನ ಜೋಸೆಫ್ ಡೇ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಂಡುಹಿಡಿದನು.

ಗೂಡೇ ತಿದಿಯಾದ ಮೇಲೆ ಅದರಲ್ಲಿ ಎಣ್ಣೆಯನ್ನು ತುಂಬಿ ಇಡುವಂತಿಲ್ಲ. ಹಾಗಾದರೆ ಉಜ್ಜಾಡುವ ಲೋಹಗಳಿಗೆ ಜಿಡ್ಡು ಎಲ್ಲಿಂದ ಬರಬೇಕು? ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಬೇಕು. ಒಂದು ಲೀಟರ್ ಪೆಟ್ರೋಲಿಗೆ ೪೦ ಮಿಲಿಲೀಟರ್, ಅಂದರೆ ಇಪ್ಪತ್ತೈದಕ್ಕೆ ಒಂದು ಪಾಲು, ನಾವು ರೂಢಿಯಲ್ಲಿ ಇಟ್ಟುಕೊಂಡಿದ್ದ ಲೆಕ್ಕ. ಆ ಎಣ್ಣೆಯೂ ಪೆಟ್ರೋಲಿನೊಡನೆ ಉರಿದು ಹೋಗುವುದರಿಂದಲೇ ಇಂಥ ಗಾಡಿಗಳ ಹಿಂದೆ ನೀಲಿ ಹೊಗೆಯ ಬಾಲವಿರುತ್ತದೆ. ಗಾಳಿಯನ್ನು ಕೆಡಿಸುತ್ತವೆಂಬ ಕಾರಣದಿಂದಲೇ ಇವು ಕಾಲಕ್ರಮದಲ್ಲಿ ಮಾರುಕಟ್ಟೆಯಿಂದ ಮರೆಯಾದುವು. ಅದು ತಪ್ಪೆಂದು ನಾನು ಹೇಳಲಾರೆ.

ಈಗ ಆ ಹಳೆಯ ಕಾರಣವನ್ನು ಹೇಳುತ್ತೇನೆ. ೧೯೮೭ರ ಬೇಸಗೆಯ ಒಂದು ಮಧ್ಯಾಹ್ನ ಯಾದಗಿರಿಯಲ್ಲಿ ರೈಲಿನಿಂದ ಇಳಿದು, ದಾರಿಯ ಒಂದು ಬಂಕಿನಲ್ಲಿ ಪೆಟ್ರೋಲು ಹಾಕಿಸಿಕೊಂಡು ಹೊರಟೆ. ಹಾಕಿದ ಹುಡುಗನು ಎಣ್ಣೆಯನ್ನು ಬೆರೆಸಲಿಲ್ಲ. ಅವಸರದಲ್ಲಿದ್ದ ನಾನೂ ಕೇಳಲಿಲ್ಲ. ಭೀಮಾ ನದಿಯ ಸೇತುವೆಯನ್ನು ದಾಟಿ ಕೆಲವು ಮೈಲು ಹೋಗುವಷ್ಟರಲ್ಲಿ ಎಂಜಿನ್ನಿನ ಸ್ವರವು ಗಂಟಲು ಒಣಗಿದವನ ಸ್ವರದಂತಾಯಿತು. ಮರುಕ್ಷಣವೇ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತು. ಪಿಸ್ಟನ್ ನಿಂತರೆ ಸರಪಳಿ ನಿಂತಿತು. ಸರಪಳಿ ನಿಂತರೆ ಹಿಂದಿನ ಗಾಲಿ ನಿಂತಿತು. ಓಡುತ್ತಿರುವ ಗಾಡಿಯ ಹಿಂದಿನ ಗಾಲಿಯನ್ನು ಯಾರೋ ಹಿಡಿದು ನಿಲ್ಲಿಸಿದಂತೆ! ಕ್ಲಚ್ ಹಿಡಿಯಬೇಕೆಂಬ ಅರಿವು ನನಗೆ ಬಂದದ್ದು ರಸ್ತೆಯ ಪಕ್ಕದ ತಗ್ಗಿನಲ್ಲಿ ಬಿದ್ದ ಮೇಲೆ. ಎಡಗೈಯ ಮಣಿಕಟ್ಟು ಇಂದಿಗೂ ಪೂರ್ತಿ ತಿರುಗುವುದಿಲ್ಲ. ಎದುರಿನಿಂದ ಲಾರಿ ಬಾರದೆ ಇದ್ದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪಿಸ್ಟನ್ ಹೀಗೇಕೆ ಕಚ್ಚಿಕೊಳ್ಳುತ್ತದೆ? ಪಿಸ್ಟನ್ ಅಲ್ಯುಮಿನಿಯಮಿನದು, ಸಿಲಿಂಡರಿನ ಗೋಡೆ ಎರಕದ ಕಬ್ಬಿಣದ್ದು. ಸಮನಾಗಿ ಕಾಯಿಸಿದರೂ ಅಲ್ಯುಮಿನಿಯಮು ಕಬ್ಬಿಣದ ಸುಮಾರು ಇಮ್ಮಡಿ ಹಿಗ್ಗುತ್ತದೆ. ಎರಡರ ನಡುವೆ ಇರುವ ಎಡೆಯಾದರೋ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಕಾವು ಮಿತಿ ಮೀರಿದರೆ ಆ ಎಡೆಯು ಅಳಿಯುತ್ತದೆ. ಯೆಜ್ಡಿಯ ಸಿಲಿಂಡರಿನ ವ್ಯಾಸ ೬೫ ಮಿ.ಮೀ., ಪಿಸ್ಟನ್ ಓಡಾಡುವ ದೂರ ೭೫ ಮಿ.ಮೀ. ನಿಮಿಷಕ್ಕೆ ೫,೦೦೦ ಸುತ್ತಿನ ವೇಗದಲ್ಲಿ ಸೆಕೆಂಡಿಗೆ ೮೩ ಸ್ಫೋಟಗಳಾಗುತ್ತವೆ. ಪಿಸ್ಟನ್ ಸರಾಸರಿ ಸೆಕೆಂಡಿಗೆ ಹನ್ನೆರಡೂವರೆ ಮೀಟರು ಓಡುತ್ತದೆ. ಸ್ಪರ್ಧೆಯಲ್ಲಿ ಎಂಜಿನ್ ಇದಕ್ಕೂ ಹೆಚ್ಚು ತಿರುಗಬೇಕಾಗುತ್ತದೆ. ಆದುದರಿಂದ ಗಾಡಿಯನ್ನು ಸ್ಪರ್ಧೆಗೆ ಸಿದ್ಧಪಡಿಸುವುದೆಂದರೆ, ಮೊದಲನೆಯದಾಗಿ, ಈ ಕಾವಿನಿಂದ ಅದನ್ನು ಬದುಕಿಸಿಕೊಳ್ಳುವುದು.

ನನ್ನ ಶಿಷ್ಯನು ಎಂಜಿನ್ನನ್ನು ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದನು. ತಳದಲ್ಲಿ ನಮ್ಮ ಎರೆಮಣ್ಣಿನ ಧೂಳು ಎಣ್ಣೆಯೊಡನೆ ಕಲೆತು ಕಾಡಿಗೆಯಂತಾಗಿತ್ತು. ಗಾಳಿಯ ಜರಡಿ ಹರಿದಿದ್ದರೆ ಈ ಧೂಳು ಪಿಸ್ಟನ್ನಿಗೆ ಸಾಣೆಯ ಪುಡಿಯೇ ಸರಿ. ಕ್ರ್ಯಾಂಕನ್ನು ಒತ್ತುಯಂತ್ರದಿಂದ ಬಿಚ್ಚಿ ಹೊಸ ಬೇರಿಂಗು ಕೂಡಿಸಿ, ಲೇತಿನ ಮೇಲೆ ತಿರುಗಿಸಿ ಓರೆಯನ್ನು ತಿದ್ದಿದನು. ಅನಂತರ ಕ್ರ್ಯಾಂಕಿನ ಎರಡು ಕೊನೆಗಳ ರಬ್ಬರ್ ಸೀಲುಗಳನ್ನು ಬದಲಿಸಿದನು. ಕೆಲವೇ ರೂಪಾಯಿಗಳ ಈ ಸೀಲು ಸೋರಿದರೆ ತಿದಿಯೊಳಗೆ ಹೊರಗಿನ ಗಾಳಿ ನುಗ್ಗುತ್ತದೆ, ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಕಾವು ಏರುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರಿಗೆ ಆಯುಷ್ಯ ಇನ್ನೂ ಕಡಿಮೆ.

ಸಿಲಿಂಡರನ್ನು ಬೋರ್ ಮಾಡಿಸಿ ಒಂದು ಅಳತೆ ದೊಡ್ಡದಾದ ಪಿಸ್ಟನ್ ತಂದ ಮೇಲೆ ಕಿಂಡಿಗಳ ಸರದಿ ಬಂದಿತು. ಹೊಗೆಯ ಕಿಂಡಿಯ ಮೇಲಂಚನ್ನು ಅರದಿಂದ ಉಜ್ಜಿ ಎತ್ತರಿಸಿದರೆ ಅದು ಬೇಗ ತೆರೆಯುತ್ತದೆ. ಎಂಜಿನ್ ಹೆಚ್ಚಿನ ಸುತ್ತುಗಳಲ್ಲಿ ಹುರುಪಾಗುತ್ತದೆ. ಆದರೆ ಕಡಿಮೆ ಸುತ್ತುಗಳಲ್ಲಿ ಎಳೆಯುವ ಬಲ ಅಷ್ಟೇ ಕುಗ್ಗುತ್ತದೆ. ಸಂತೆಗೆ ಮೂಟೆ ಹೊರುವ ಗಾಡಿಗೆ ಇದು ಕೇಡು, ಸ್ಪರ್ಧೆಯ ಗಾಡಿಗೆ ಲಾಭ. ಶಿಷ್ಯನು ಎರಡು ಮಿಲಿಮೀಟರು ತೆಗೆಯಬೇಕೆಂದನು. ಕೆಲಸವನ್ನು ನೋಡಲು ಬಂದಿದ್ದ ಮುದುಕ ಉಸ್ತಾದರು, “ಒಂದ ತಗಿ ಸಾಕು. ಉಜ್ಜಿದ ಕಬ್ಬಿಣ ತಿರುಗಿ ಹತ್ತಂಗಿಲ್ಲ” ಎಂದರು. ಒಂದೇ ತೆಗೆದನು. ಪಿಸ್ಟನ್ನಿನ ಉಂಗುರಗಳು ಸಿಕ್ಕಿಕೊಂಡು ಮುರಿಯದಂತೆ ಕಿಂಡಿಯ ಅಂಚುಗಳನ್ನು ಮರಳುಕಾಗದದಿಂದ ದುಂಡಗೆ ಮಾಡುವುದಕ್ಕೆ ಒಂದು ದಿನ ಹಿಡಿಯಿತು.

ಹೊಗೆಕೊಳವೆಯ ವಿಷಯದಲ್ಲಿ ನಮ್ಮ ಹುಡುಗರಲ್ಲಿ ಒಂದು ದೊಡ್ಡ ಭ್ರಮೆಯಿದೆ. ಸೈಲೆನ್ಸರನ್ನು ಕಿತ್ತೊಗೆದರೆ ಗಾಡಿ ವೇಗವಾಗಿ ಓಡುವುದೆಂದು ಅವರು ನಂಬಿದ್ದಾರೆ. ಅದು ಕಾನೂನಿಗೆ ವಿರುದ್ಧ. ಊರಿನ ಕಿವಿಗೂ ವಿರುದ್ಧ. ಎರಡು ಹೊಡೆತದ ಎಂಜಿನ್ನಿನಲ್ಲಾದರೋ ಅದು ವೇಗಕ್ಕೂ ವಿರುದ್ಧ! ಹೊಸ ಮಿಶ್ರಣವು ಒಳಗೆ ಬರುವಾಗ ಹೊಗೆಯ ಕಿಂಡಿಯೂ ತೆರೆದಿರುತ್ತದೆಂದು ಮೇಲೆ ಕಂಡೆವು. ಆಗ ಒಂದಿಷ್ಟು ಮಿಶ್ರಣವು ಉರಿಯದೆಯೇ ಹೊರಕ್ಕೆ ಸೋರಿಹೋಗುತ್ತದೆ. ಇದನ್ನು ತಡೆಯುವ ಉಪಾಯವನ್ನು ಪರಿಪೂರ್ಣಗೊಳಿಸಿದವನು ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರು. ಕೊಳವೆಯನ್ನು ಮೊದಲು ತುತ್ತೂರಿಯಂತೆ ಅಗಲವಾಗಿಸಿ, ಬಳಿಕ ಮತ್ತೆ ಕಿರಿದಾಗಿಸಿದರೆ, ಸ್ಫೋಟದ ಒತ್ತಡದ ಅಲೆಯು ಅಗಲವಾಗುವ ಭಾಗದಲ್ಲಿ ಹೀರುವ ಅಲೆಯಾಗಿ ಹಿಂದಿರುಗಿ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕಿರಿದಾಗುವ ಭಾಗಕ್ಕೆ ತಾಗಿ ಒತ್ತುವ ಅಲೆಯಾಗಿ ಹಿಂದಿರುಗಿ, ಸೋರಿಹೋದ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲು ಒಳಕ್ಕೆ ನೂಕುತ್ತದೆ. ಪ್ರತಿಧ್ವನಿಯೇ ಬಾಗಿಲು ಕಾಯುವ ಆಳಾಯಿತು.

ಲೆಕ್ಕ ಹಾಕಿ ನೋಡಬಹುದು. ೫,೦೦೦ ಸುತ್ತಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ೧೨ ಪಾಲು. ಕಿಂಡಿ ತೆರೆದಿರುವುದು ಅದರಲ್ಲಿ ಸುಮಾರು ೫ ಪಾಲು. ಬಿಸಿ ಹೊಗೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೫೦೦ ಮೀಟರು ಹೋಗುವುದರಿಂದ ಅಷ್ಟು ಹೊತ್ತಿನಲ್ಲಿ ಎರಡೂವರೆ ಮೀಟರು. ಹೋಗಿ ಬರಬೇಕಾದ ಕಾರಣ ಕೊಳವೆಯ ಉದ್ದ ಒಂದು ಮೀಟರಿನ ಆಸುಪಾಸು. ಕಾಡೆನ್ನನ ೧೨೫ ಘನ ಸೆಂಟಿಮೀಟರಿನ ಎಂಜಿನ್ನು ೧೯೬೧ರಲ್ಲಿ ೨೫ ಅಶ್ವಶಕ್ತಿಯನ್ನು ನೀಡುತ್ತಿತ್ತು. ಅದೇ ವರ್ಷ ಮೈಸೂರಿನಲ್ಲಿ ತಯಾರಾಗತೊಡಗಿದ ಜಾವಾ ಗಾತ್ರದಲ್ಲಿ ಅದರ ಇಮ್ಮಡಿಯಾಗಿದ್ದರೂ ಅದರ ಶಕ್ತಿ ೧೨. ಆ ವರ್ಷವೇ ಕಾಡೆನ್ನನ ಸವಾರನಾದ ಅರ್ನ್ಸ್ಟ್ ಡೆಗ್ನರನು ಸ್ವೀಡನ್ನಿನ ಸ್ಪರ್ಧೆಗೆ ಹೋದವನು ತನ್ನ ದೇಶಕ್ಕೆ ಹಿಂದಿರುಗದೆ ಜಪಾನಿನ ಸುಜುಕಿ ಕಂಪನಿಯನ್ನು ಸೇರಿದನು. ಈ ವಿದ್ಯೆಯೂ ಅವನೊಡನೆ ಹೋಯಿತು. ಮರುವರ್ಷ ಆತನು ಸುಜುಕಿಯ ೫೦ ಘನ ಸೆಂಟಿಮೀಟರಿನ ಗಾಡಿಯ ಮೇಲೆ ವಿಶ್ವವಿಜೇತನಾದನು.

ಶಹಾಪುರದ ಶೆಡ್ಡಿನಲ್ಲಿ ತಗಡನ್ನು ಸೀಳಿ, ಸುರುಳಿ ಸುತ್ತಿ, ಬೆಸುಗೆ ಹಾಕಿ ಅಂಥ ಎರಡು ಕೊಳವೆಗಳು ಸಿದ್ಧವಾದುವು. ಮೊದಲನೆಯ ಜೋಡಿ ಹಾಳಾಯಿತು, ಎರಡನೆಯದು ನಿಂತಿತು. ಆಮೇಲೆ ದೀಪ, ಸ್ಟ್ಯಾಂಡು, ಕನ್ನಡಿಗಳನ್ನು ತೆಗೆದನು. ಬ್ರೇಕಿನ ಲೈನರುಗಳನ್ನು ಹೊಸದಾಗಿ ಹಾಕಿದನು. ಎಣ್ಣೆಯ ತಿರುಪುಗಳು ಸಡಿಲಿ ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿದರೆ ಹಿಂದಿನವರು ಬೀಳುತ್ತಾರಾದ್ದರಿಂದ ಅವುಗಳಿಗೆ ತಂತಿಯ ಕಟ್ಟು ಹಾಕಿದನು. ಹೆಲ್ಮೆಟ್ಟು, ಚರ್ಮದ ಉಡುಪು, ಕೈಗವಸು, ಬೂಟುಗಳಿಗೆ ಗಾಡಿಗಿಂತ ಹೆಚ್ಚು ಹಣ ವೆಚ್ಚವಾಯಿತು. ಅದರಲ್ಲಿ ಒಂದು ಪಾಲನ್ನು ನಾನು ಕೊಟ್ಟೆನು.

ಕೊನೆಗೆ ಉಳಿದದ್ದು ಕಾರ್ಬ್ಯುರೇಟರು. ಅದರ ಜೆಟ್ ಎಂಬ ಹಿತ್ತಾಳೆಯ ಸಣ್ಣ ರಂಧ್ರವು ಎಷ್ಟು ಪೆಟ್ರೋಲು ಒಳಗೆ ಹೋಗಬೇಕೆಂಬುದನ್ನು ನಿರ್ಧರಿಸುತ್ತದೆ. ಇದನ್ನು ಗಾಳಿಗೆ ತಕ್ಕಂತೆ ಆರಿಸಬೇಕು. ಯಾದಗಿರಿಯ ಸೀಮೆಯಲ್ಲಿ ಮೇ ತಿಂಗಳಲ್ಲಿ ಕಾವು ೪೨ ಡಿಗ್ರಿಯನ್ನು ಮುಟ್ಟುತ್ತದೆ. ಸಮುದ್ರಮಟ್ಟದಿಂದ ಎತ್ತರ ೪೦೦ ಮೀಟರಿಗೆ ಹತ್ತಿರ. ಗಾಳಿ ತೆಳುವಾಗಿರುತ್ತದೆ, ಸಣ್ಣ ಜೆಟ್ಟು ಸಾಕಾಗುತ್ತದೆ. ಇದೇ ಗಾಡಿಯನ್ನು ಚೆನ್ನೈಗೆ ಸಮೀಪದ ಇರುಂಗಾಟ್ಟುಕೋಟ್ಟೈಯ ಟ್ರ್ಯಾಕಿಗೆ ಒಯ್ದು ೩೦ ಡಿಗ್ರಿಯ ಬೆಳಗಿನಲ್ಲಿ ಓಡಿಸಿದರೆ ಗಾಳಿಯು ನೂರಕ್ಕೆ ಎಂಟರಷ್ಟು ದಟ್ಟ. ಜೆಟ್ ಅದೇ ಉಳಿದರೆ ಪೆಟ್ರೋಲಿನ ಪಾಲು ಕಡಿಮೆಯಾಯಿತು. ಭೀಮಾ ಸೇತುವೆಯ ಆಚೆ ನನಗಾದ ಗತಿ ಅವನಿಗೂ ಆದೀತು. ಇದನ್ನು ತಿಳಿಸುವುದು ಸ್ಪಾರ್ಕ್ ಪ್ಲಗ್ಗಿನ ತುದಿಯ ಬಣ್ಣ. ಕಾಫಿಪುಡಿಯ ಬಣ್ಣವಿದ್ದರೆ ಸರಿ. ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಕೂಡಲೆ ನಿಲ್ಲಿಸತಕ್ಕದ್ದು.

ಅಭ್ಯಾಸಕ್ಕೆಂದು ಆತನು ಗಾಡಿಯನ್ನು ಟೆಂಪೋದಲ್ಲಿ ಏರಿಸಿಕೊಂಡು ಆ ಟ್ರ್ಯಾಕಿಗೆ ಹೊರಟಾಗ, ಎಣ್ಣೆ ಅಳೆಯುವ ಗಾಜಿನ ಲೋಟವನ್ನು ನಾನೇ ಅವನ ಚೀಲದಲ್ಲಿ ಇಟ್ಟೆನು. ಮರುದಿನ ಹತ್ತು ಗಂಟೆಗೆ ದೂರವಾಣಿ ಬಂತು.

“ಸರ್, ಮೂರು ಸುತ್ತು ಹಾಕಿ ಪ್ಲಗ್ ತಗದು ನೋಡಿದೆ. ಬೆಳ್ಳಗ ಆಗ್ಯದ.”

“ಮತ್ತ?”

“ದೊಡ್ಡ ಜೆಟ್ ಹಾಕ್ಲಿಕತ್ತೀನ್ರಿ.”

ಸಂಜೆ ಮತ್ತೊಮ್ಮೆ ಮಾತನಾಡಿದನು. ಅಂದು ಟ್ರ್ಯಾಕಿನಲ್ಲಿದ್ದ ಹೊಸ ಗಾಡಿಗಳೆಲ್ಲ ಅವನನ್ನು ಹಿಂದೆ ಹಾಕಿದ್ದುವಂತೆ. ಪ್ಲಗ್ಗಿನ ಬಣ್ಣ ಯಾವುದೆಂದು ಕೇಳಿದೆ. ಕಾಫಿಪುಡಿಯದು ಎಂದನು.