ಬೆಕ್ಕೋ, ನಾಯಿಯೋ? ಸಾಕುವ ಮುನ್ನ ತಿಳಿದಿರಬೇಕಾದದ್ದು



ಮೂಕಪ್ರಾಣಿಗಳ ಹಕ್ಕಿನ ಕುರಿತ ಜುಮಾ ಖುತ್ಬಾದ ನಂತರ ನಮ್ಮ ಬಳಿಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಕ್ಕು ಮತ್ತು ನಾಯಿಯ ಬಗ್ಗೆಯೇ ಇದ್ದವು. ಹೊರನಾಡು, ಕಳಸ, ಬಾಳೆಹೊಳೆ ಕಡೆಯ ತೋಟಗಳಲ್ಲಿ ನೆಲೆಸಿರುವ ನಮ್ಮ ಹಿರಿಯರ ಪ್ರಶ್ನೆ ಹೀಗಿತ್ತು: ಹಂದಿ, ಮಂಗಗಳ ಕಾಟ ತಡೆಯಲಾಗುತ್ತಿಲ್ಲ, ನಾಯಿ ಸಾಕಿದರೆ ಮನೆಯ ಬರಕತ್ ಹೋಗುತ್ತದೆಯೇ? ಮದ್ರಸದ ಮಕ್ಕಳದ್ದು ಇನ್ನೂ ನೇರ: ಯಾವುದು ಒಳ್ಳೆಯದು ಉಸ್ತಾದ್, ಬೆಕ್ಕಾ ನಾಯಿಯಾ? ಖುತ್ಬಾದಲ್ಲಿ ಹತ್ತು ನಿಮಿಷಕ್ಕೆ ಮುಗಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಇಂಥ ವಾದ ಇಂದಿನದಲ್ಲ. ಒಂಬತ್ತನೇ ಶತಮಾನದಲ್ಲಿ ಬಸ್ರಾದ ವಿದ್ವಾಂಸ ಅಲ್ ಜಾಹಿಝ್ ಪ್ರಾಣಿಗಳ ಬಗ್ಗೆ ಬರೆದ ದೊಡ್ಡ ಗ್ರಂಥದ ಮೊದಲ ಭಾಗಗಳಲ್ಲಿ ನಾಯಿಯ ಪರ ಒಬ್ಬ, ಹುಂಜದ ಪರ ಇನ್ನೊಬ್ಬ ನಿಂತು ಪುಟಗಟ್ಟಲೆ ವಾದಿಸುತ್ತಾರೆ. ಬಗ್ದಾದಿನ ಇಬ್ನುಲ್ ಮರ್ಝುಬಾನ್ ಅವರಂತೂ ಬಟ್ಟೆ ತೊಟ್ಟ ಅನೇಕರಿಗಿಂತ ನಾಯಿಯೇ ಮೇಲು ಎಂಬ ಅರ್ಥದ ಶೀರ್ಷಿಕೆಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ಶರೀಅತ್ ಈ ಪ್ರಾಣಿಗಳಲ್ಲಿ ಯಾವುದು ಮೇಲು ಎಂದು ಅಂಕ ಹಾಕಲು ಹೋಗಿಲ್ಲ. ಯಾವುದರ ಜಾಗ ಎಲ್ಲಿ, ಅದನ್ನು ಸಾಕಿದವನ ಮೇಲಿರುವ ಹೊಣೆ ಏನು ಎಂಬುದನ್ನು ತಿಳಿಸಿದೆ.

ಮೊದಲು ಬೆಕ್ಕು. ಅಬೂ ಖತಾದ(ರ)ರವರು ವುಝೂ ಮಾಡಲು ಇಟ್ಟಿದ್ದ ನೀರಿಗೆ ಬೆಕ್ಕೊಂದು ಬಾಯಿ ಹಾಕಲು ಬಂತು. ಅವರು ಅದನ್ನು ಓಡಿಸಲಿಲ್ಲ, ಅದು ಕುಡಿಯಲೆಂದು ಪಾತ್ರೆಯನ್ನೇ ಬಾಗಿಸಿ ಹಿಡಿದರು. ಸೊಸೆ ಕಬ್ಶಾ ಅಚ್ಚರಿಯಿಂದ ನೋಡುವುದನ್ನು ಕಂಡು, ಬೆಕ್ಕು ನಜಿಸ್ ಅಲ್ಲವೆಂದೂ, ಅದು ನಮ್ಮ ಸುತ್ತಮುತ್ತ ಓಡಾಡಿಕೊಂಡಿರುವ ಮನೆಯವರಂತೆ ಎಂದೂ ಪ್ರವಾದಿ(ಸ)ರವರು ತಿಳಿಸಿದ್ದನ್ನು ಹೇಳಿದರು. ಅಬೂ ದಾವೂದ್, ತಿರ್ಮಿದಿ, ನಸಾಈ ಗ್ರಂಥಗಳಲ್ಲಿ ಈ ಹದೀಸ್ ಇದೆ. ಬೆಕ್ಕು ಮನೆಯೊಳಗೆ ಇರಬಹುದು ಎಂಬುದಕ್ಕೆ ಇದೇ ಆಧಾರ. ಹನಫೀ ಮದ್‌ಹಬ್‌ನಲ್ಲಿ ಬೇರೆ ನೀರಿದ್ದಾಗ ಬೆಕ್ಕು ಕುಡಿದುಳಿದ ನೀರನ್ನು ಬಳಸುವುದು ಲಘು ಕರಾಹತ್. ಶಾಫಿಈಗಳಲ್ಲಿ ಅದೂ ಇಲ್ಲ.

ಇಲ್ಲಿ ಒಂದು ಮಾತು. ಬೆಕ್ಕನ್ನು ಪ್ರೀತಿಸುವುದು ಈಮಾನಿನ ಭಾಗ ಎಂಬ ಒಂದು ಹದೀಸ್ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಅದು ಕಟ್ಟುಕಥೆಯೆಂದು ಹದೀಸ್ ವಿದ್ವಾಂಸರು ಹಿಂದೆಯೇ ಸ್ಪಷ್ಟಪಡಿಸಿದ್ದಾರೆ. ಮುಅಝ್ಝಾ ಎಂಬ ಬೆಕ್ಕು ನಿದ್ರಿಸುತ್ತಿತ್ತು, ಅದನ್ನು ಎಬ್ಬಿಸಬಾರದೆಂದು ಪ್ರವಾದಿ(ಸ)ರವರು ಅಂಗಿಯ ತೋಳನ್ನೇ ಕತ್ತರಿಸಿದರು ಎಂಬ ಕಥೆಗೂ ಹದೀಸ್ ಗ್ರಂಥಗಳಲ್ಲಿ ಆಧಾರವಿಲ್ಲ. ಕೇಳಲು ಚೆನ್ನಾಗಿದೆ ಎಂಬ ಕಾರಣಕ್ಕೆ ಮಕ್ಕಳಿಗೆ ಹದೀಸ್ ಎಂದು ಹೇಳಿಕೊಡಬಾರದು. ಅಬೂ ಖತಾದ(ರ)ರವರು ಪಾತ್ರೆ ಬಾಗಿಸಿದ್ದು ಸಾಲದೇ?

ಇನ್ನು ನಮ್ಮ ಅನೇಕ ಮನೆಗಳಲ್ಲಿ ಮರೆತುಹೋಗುವ ಸಂಗತಿ: ಬೆಕ್ಕು ಶುದ್ಧ ಎಂದರೆ ಅದರ ಮೂತ್ರ, ಮಲ ಶುದ್ಧ ಎಂದಲ್ಲ. ಮುಸಲ್ಲಾದ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಬೆಕ್ಕು ಮೂತ್ರ ಮಾಡಿದರೆ ತೊಳೆಯಲೇಬೇಕು. ಮಳೆಗಾಲದಲ್ಲಿ ಹೊರಗೆ ಹೋಗಲು ಮನಸ್ಸಿಲ್ಲದ ಬೆಕ್ಕು ಅಟ್ಟದಲ್ಲೋ ಅಕ್ಕಿ ಮೂಟೆಯ ಮೂಲೆಯಲ್ಲೋ ಜಾಗ ಮಾಡಿಕೊಳ್ಳುತ್ತದೆ. ಅದಕ್ಕೆ ಮರಳಿನ ತಟ್ಟೆ ಇಟ್ಟು ಅಭ್ಯಾಸ ಮಾಡಿಸುವುದು ಮನೆಯವರ ಕೆಲಸ. ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಗರ್ಭಿಣಿಯರ ಮಗುವಿಗೆ ಅಪಾಯಕಾರಿ. ಅದು ಸೋಂಕು ತಗುಲಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನವಾದರೂ ಬೇಕು. ಆದ್ದರಿಂದ ತಟ್ಟೆಯನ್ನು ದಿನವೂ ಶುಚಿಗೊಳಿಸಬೇಕು, ಆ ಕೆಲಸವನ್ನು ಗರ್ಭಿಣಿಯ ಬದಲು ಬೇರೆಯವರು ಮಾಡಬೇಕು. ಸೊಸೆ ಗರ್ಭಿಣಿಯಾದಳೆಂದು ಬೆಕ್ಕನ್ನು ಮನೆಯಿಂದ ಹೊರಹಾಕುವ ಅಗತ್ಯವಿಲ್ಲ. ಗಂಡಸರು ತಟ್ಟೆ ತೊಳೆದರೆ ಆಯಿತು.

ಈಚೆಗೆ ಪೇಟೆಯಿಂದ ಪರ್ಷಿಯನ್ ಬೆಕ್ಕು ತರುವ ಹವ್ಯಾಸ ನಮ್ಮ ಬೆಟ್ಟಗಳಿಗೂ ಹತ್ತಿದೆ. ಉದ್ದ ರೋಮದ ಈ ಬೆಕ್ಕಿಗೆ ದಿನವೂ ಬಾಚಣಿಗೆ ಬೇಕು. ಶಾಫಿಈ ಮದ್‌ಹಬ್‌ನಂತೆ ಬೆಕ್ಕಿನ ದೇಹದಿಂದ ಉದುರಿದ ರೋಮ ನಜಿಸ್. ಸ್ವಲ್ಪ ಅಂಟಿದ್ದರೆ ಕ್ಷಮೆಯಿದೆ, ಸಾಕುವವರಿಗೆ ಇನ್ನೂ ಸಡಿಲಿಕೆಯಿದೆ, ಆದರೆ ನಮಾಝಿನ ಬಟ್ಟೆಯನ್ನು ಬೇರೆಯೇ ಇಟ್ಟುಕೊಳ್ಳುವುದು ಲೇಸು. ಹನಫೀಗಳಲ್ಲಿ ರೋಮ ಶುದ್ಧವೇ. ಹಣ ಕೊಟ್ಟು ಕೊಳ್ಳಬಹುದೇ ಎಂದರೆ, ಬೆಕ್ಕಿನ ಬೆಲೆ ಪಡೆಯುವುದನ್ನು ತಡೆದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಹಾಗಿದ್ದೂ ಬಹುಪಾಲು ವಿದ್ವಾಂಸರು ಮಾರಾಟ ಸಿಂಧು ಎಂದಿದ್ದಾರೆ. ಜನರು ಬೆಕ್ಕನ್ನು ಪರಸ್ಪರ ಉಚಿತವಾಗಿ ಕೊಟ್ಟು ತೆಗೆದುಕೊಳ್ಳುವ ರೂಢಿ ಉಳಿಯಲಿ ಎಂಬುದು ಆ ತಡೆಯ ಉದ್ದೇಶವಿರಬಹುದೆಂದು ಇಮಾಮ್ ನವವಿ ವಿವರಿಸುತ್ತಾರೆ. ಪಕ್ಕದ ಮನೆಯಲ್ಲಿ ನಾಲ್ಕು ಮರಿ ಹಾಕಿರುವಾಗ ಸಾವಿರಾರು ರೂಪಾಯಿ ಕೊಟ್ಟು ಬೆಂಗಳೂರಿನಿಂದ ತರುವುದು ನಮಗಂತೂ ಅರ್ಥವಾಗುವುದಿಲ್ಲ. ಕಾಫಿ ಗೋದಾಮಿನ ಇಲಿ ಹಿಡಿಯುವುದು ಊರ ಬೆಕ್ಕೇ ಹೊರತು ಸೋಫಾದ ಮೇಲಿನದ್ದಲ್ಲ.

ಈಗ ನಾಯಿ. ನಾಯಿ ಪಾತ್ರೆಗೆ ಬಾಯಿ ಹಾಕಿದರೆ ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಂದು ಬಾರಿ ಮಣ್ಣಿನಿಂದ ಎಂಬ ಹದೀಸ್ ಎಲ್ಲರಿಗೂ ಗೊತ್ತು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿ ಕುಟುಂಬಗಳು ಅನುಸರಿಸುವ ಶಾಫಿಈ ಮದ್‌ಹಬ್ ಈ ವಿಧಿಯನ್ನು ನಾಯಿಯ ಇಡೀ ದೇಹಕ್ಕೆ ಅನ್ವಯಿಸುತ್ತದೆ. ಆದರೆ ಎರಡೂ ಕಡೆ ಒಣಗಿದ್ದರೆ, ಅಂದರೆ ಒಣ ಕೈ ಒಣ ನಾಯಿಗೆ ತಾಗಿದರೆ, ನಜಿಸ್ ಅಂಟುವುದಿಲ್ಲ. ಒದ್ದೆಯಿದ್ದರೆ ಮಾತ್ರ ತೊಳೆಯಬೇಕಾದದ್ದು. ಹನಫೀಗಳಲ್ಲಿ ಜೊಲ್ಲು ನಜಿಸ್, ಮೈಯಲ್ಲ. ಪಾತ್ರೆಯನ್ನು ಮೂರು ಬಾರಿ ತೊಳೆದರೆ ಸಾಕು, ಏಳು ಬಾರಿ ಉತ್ತಮ. ಇಮಾಮ್ ಮಾಲಿಕ್‌ರವರ ಮದ್‌ಹಬ್‌ನಲ್ಲಿ ನಾಯಿಯೇ ಶುದ್ಧ, ತೊಳೆಯುವುದು ಆಜ್ಞೆಯ ಪಾಲನೆ ಮಾತ್ರ. ಆದ್ದರಿಂದ ಶಾಲೆಗೆ ಹೋಗುವ ದಾರಿಯಲ್ಲಿ ನಾಯಿ ಮೈಸವರಿತೆಂದು ಅಳುತ್ತಾ ಬರುವ ಮಗುವಿಗೆ ಗದರಬೇಡಿ. ಒದ್ದೆಯಿತ್ತೇ, ಒಣಗಿತ್ತೇ ಎಂದಷ್ಟೇ ಕೇಳಿ.

ಸಾಕುವ ವಿಷಯ. ಬೇಟೆ, ಜಾನುವಾರು ಕಾವಲು, ಬೆಳೆ ಕಾವಲು, ಈ ಮೂರು ಕಾರಣಗಳಲ್ಲದೆ ನಾಯಿ ಸಾಕಿದವರ ಪ್ರತಿಫಲದಿಂದ ದಿನವೂ ಒಂದು ಖೀರಾತ್, ಕೆಲವು ವರದಿಗಳಲ್ಲಿ ಎರಡು, ಕಡಿಮೆಯಾಗುತ್ತದೆ ಎಂದು ಬುಖಾರಿ, ಮುಸ್ಲಿಮ್ ವರದಿ ಮಾಡಿದ್ದಾರೆ. ಇದರಲ್ಲಿ ಬೆಳೆಯ ಕಾವಲು ಎಂಬ ಭಾಗವನ್ನು ವರದಿ ಮಾಡಿದವರಲ್ಲಿ ಅಬೂ ಹುರೈರ(ರ) ಪ್ರಮುಖರು. ಅವರಿಗೆ ಹೊಲವಿತ್ತು ಎಂದು ಇಬ್ನ್ ಉಮರ್(ರ) ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹೊಲವಿದ್ದವರು ಹೊಲದ ವಿಧಿಯನ್ನು ಚೆನ್ನಾಗಿ ನೆನಪಿಟ್ಟುಕೊಂಡರು ಎಂದು ವಿದ್ವಾಂಸರು ಅದಕ್ಕೆ ಅರ್ಥ ಹೇಳುತ್ತಾರೆ. ಅಬೂ ಹುರೈರ ಎಂದರೆ ಬೆಕ್ಕಿನ ಮರಿಯವರು ಎಂದರ್ಥ. ಬೆಕ್ಕಿನ ಮರಿಯಿಂದ ಹೆಸರು ಪಡೆದ ಸಹಾಬಿಯೇ ತೋಟದ ನಾಯಿಯ ಅನುಮತಿಯನ್ನೂ ನಮಗೆ ತಲುಪಿಸಿದರು.

ಹಾಗಾದರೆ ಹೊರನಾಡಿನ ಕಾಫಿ, ಅಡಿಕೆ, ಮೆಣಸಿನ ತೋಟದಲ್ಲಿ ಹಂದಿ, ಮಂಗಗಳನ್ನು ಬೆದರಿಸಲು ಇರುವ ನಾಯಿ ಹದೀಸ್ ಹೇಳಿದ ಬೆಳೆಕಾವಲಿನ ನಾಯಿಯೇ. ಅದನ್ನು ಸಾಕುವುದರಿಂದ ಪ್ರತಿಫಲ ಕಡಿಮೆಯಾಗದು. ಕಾಡಂಚಿನ ಒಂಟಿ ಮನೆಗೆ ಕಾವಲು ನಾಯಿಯೂ ಇದೇ ತರ್ಕದಿಂದ ಅನುಮತಿಯೆಂದು ಶಾಫಿಈ ವಿದ್ವಾಂಸರ ಬಲವಾದ ಅಭಿಪ್ರಾಯ. ಆ ಕೆಲಸಕ್ಕೆಂದು ಮರಿಯನ್ನು ತಂದು ಬೆಳೆಸಬಹುದು. ಶಾಫಿಈಗಳಲ್ಲಿ ನಾಯಿಯ ಮಾರಾಟ ಸಿಂಧುವಲ್ಲ, ಮರಿಯನ್ನು ಹಾಗೆಯೇ ಕೊಡಬಹುದು, ಪಡೆಯಬಹುದು. ತೋಟವೂ ಇಲ್ಲದೆ, ದನವೂ ಇಲ್ಲದೆ, ಪೇಟೆಯ ಫ್ಲ್ಯಾಟಿನಲ್ಲಿ ಶೋಕಿಗೆಂದು ನಾಯಿ ಸಾಕಲು ಈ ಅನುಮತಿ ಅನ್ವಯಿಸದು. ನಾಯಿ ಇರುವ ಮನೆಗೆ ಮಲಕುಗಳು ಪ್ರವೇಶಿಸುವುದಿಲ್ಲ ಎಂಬ ಹದೀಸ್ ಅನುಮತಿಯಿಲ್ಲದ ನಾಯಿಯ ಬಗ್ಗೆ ಮಾತ್ರ ಎಂದು ಕೆಲವರು, ಎಲ್ಲ ನಾಯಿಗಳ ಬಗ್ಗೆ ಎಂದು ಇನ್ನು ಕೆಲವರು ಹೇಳಿದ್ದಾರೆ. ನಾಯಿಗೆ ಅಂಗಳದಲ್ಲಿ ಬೇರೆ ಗೂಡು ಕಟ್ಟಿದರೆ ಆ ಭಿನ್ನಾಭಿಪ್ರಾಯ ನಮ್ಮನ್ನು ಕಾಡುವುದಿಲ್ಲ.

ಬೇಟೆಯ ಅನುಮತಿಯನ್ನು ಮಾತ್ರ ಯಾರೂ ಇಲ್ಲಿಗೆ ಎಳೆದು ತರಬಾರದು. ತರಬೇತಿ ಪಡೆದ ಪ್ರಾಣಿ ಹಿಡಿದ ಬೇಟೆಯ ಬಗ್ಗೆ ಕುರ್‌ಆನ್‌ನ ಅಲ್ ಮಾಇದ ಅಧ್ಯಾಯ ಹೇಳಿರುವುದು ನಿಜ. ನಮ್ಮದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಗ್ಗುಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ನಾಯಿ ಬಿಟ್ಟು ಜಿಂಕೆ, ಕಡವೆ ಹಿಡಿಯುವುದು ಅಪರಾಧ, ಅದಕ್ಕೆ ಹದೀಸಿನ ಹೆಸರು ಹೇಳುವುದು ಇನ್ನೂ ದೊಡ್ಡ ತಪ್ಪು.

ಇಷ್ಟು ಕರ್ಮಶಾಸ್ತ್ರ. ಖುತ್ಬಾದಲ್ಲಿ ನಾವು ಒತ್ತಿ ಹೇಳಿದ್ದು ಇದಕ್ಕಿಂತ ಮುಂದಿನ ಮಾತು. ನಾಯಿಯ ಜೊಲ್ಲು ನಜಿಸ್ ಎಂಬುದನ್ನು ಕೆಲವರು ನಾಯಿಗೆ ಕಲ್ಲು ಹೊಡೆಯಬಹುದು ಎಂದು ಓದಿಕೊಂಡಿದ್ದಾರೆ. ಮದ್ರಸ ಬಿಟ್ಟ ಹುಡುಗರು ದಾರಿಯ ನಾಯಿಗೆ ಕಲ್ಲೆಸೆಯುವಾಗ ದೊಡ್ಡವರು ಸುಮ್ಮನೆ ನೋಡುತ್ತಾರೆ. ತೊಳೆಯುವ ವಿಧಿ ಪಾತ್ರೆಗೆ ಸಂಬಂಧಿಸಿದ್ದು, ನಾಯಿಯ ಮೇಲಿನ ದ್ವೇಷಕ್ಕಲ್ಲ.

ಸಹೀಹ್ ಗ್ರಂಥಗಳ ಎರಡು ಹದೀಸ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೆಕ್ಕನ್ನು ಕೂಡಿಹಾಕಿ, ತಾನೂ ತಿನ್ನಲು ಕೊಡದೆ, ನೆಲದ ಹುಳ ಹುಪ್ಪಟೆ ತಿಂದುಕೊಳ್ಳಲೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋದಳು. ಬಾಯಾರಿಕೆಯಿಂದ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಚರ್ಮದ ಕಾಲುಚೀಲದಲ್ಲಿ ನೀರು ತುಂಬಿ, ಅದನ್ನು ಹಲ್ಲಿನಲ್ಲಿ ಕಚ್ಚಿ ಮೇಲೆ ಹತ್ತಿ ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದನು. ಶುದ್ಧವೆಂದ ಪ್ರಾಣಿಯಿಂದ ನರಕ, ಜೊಲ್ಲು ನಜಿಸ್ ಎಂದ ಪ್ರಾಣಿಯಿಂದ ಕ್ಷಮೆ. ಕಾಲುಚೀಲಕ್ಕೆ ನಾಯಿಯ ಬಾಯಿ ತಾಗಿತ್ತಲ್ಲ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಈ ಹದೀಸ್ ನಮ್ಮ ತೋಟಗಳಿಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಿದರೆ, ಸರಪಳಿಯನ್ನು ತೋರಿಸುತ್ತೇವೆ. ನಮ್ಮ ಕಡೆ ಚಿರತೆ ಇದೆ, ಅದಕ್ಕೆ ನಾಯಿ ಅತ್ಯಂತ ಸುಲಭದ ತುತ್ತು. ಬಿಟ್ಟ ನಾಯಿಗೆ ಓಡಲಾದರೂ ಕಾಲಿದೆ. ರಾತ್ರಿ ಕಾಫಿ ಕಣದ ಮೂಲೆಯಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಕಟ್ಟಿಹಾಕಿ, ಬದುಕುವ ದಾರಿಯನ್ನೂ ಮುಚ್ಚಿದ್ದೇ ಆ ಹೆಂಗಸಿನ ಅಪರಾಧ. ಕಟ್ಟುವುದೇ ಆದರೆ ನಾಲ್ಕೂ ಕಡೆ ಕಬ್ಬಿಣದ ಬಲೆಯಿರುವ, ಮೇಲೆ ಶೀಟು ಹೊದಿಸಿದ, ನೆಲದಿಂದ ಸ್ವಲ್ಪ ಎತ್ತರದ ಗೂಡು ಬೇಕು. ಆಷಾಢದ ಮಳೆಯಲ್ಲಿ ಒದ್ದೆ ನೆಲದಲ್ಲಿ ಮಲಗಿದ ನಾಯಿ ಬದುಕಿದರೂ ಕಾಯಿಲೆಯದ್ದೇ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆಲ್ಲ ಅವರ ನಾಯಿ ‘ಕಿವಿ’ ಗೊತ್ತು. ತೋಟದ ನಾಯಿ ಯಜಮಾನನ ಜೊತೆ ಓಡಾಡಿಕೊಂಡಿರುವ ಕೆಲಸಗಾರ. ಅದಕ್ಕೆ ಊಟವೂ ಸಂಬಳವೇ, ಕೆಲಸ ಮುಗಿದ ಮುದಿ ವಯಸ್ಸಿನಲ್ಲೂ ಅದು ನಿಲ್ಲಬಾರದು.

ಕಾಡಿಗೆ ಹೋಗಿ ಬರುವ ನಾಯಿಯ ಮೈಯಲ್ಲಿ ಉಣ್ಣೆ ಬರುತ್ತದೆ, ನಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆಯೂ ಉಂಟು. ಪಶುವೈದ್ಯರು ಕೊಡುವ ಔಷಧ ಹಚ್ಚಿಸಿ. ಇದಕ್ಕಿಂತ ಮುಖ್ಯವಾದದ್ದು ರೇಬೀಸ್. ನಾಯಿಗೂ ಬೆಕ್ಕಿಗೂ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು. ಬೆಕ್ಕು ಕಚ್ಚಿದರೆ ಏನೂ ಆಗದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಅದು ತಪ್ಪು, ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಯಾವುದೇ ಕಚ್ಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು, ಒಂದನ್ನೂ ಬಿಡಬಾರದು. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಸೀರಮ್ ಕೂಡ ಬೇಕಾಗುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ವಿರಳ. ನೀರು ಊದಿಸಲು ನಮ್ಮ ಬಳಿ ಬರುವವರಿಗೆ ನಾವು ಮೊದಲು ಕೇಳುವುದು ಆಸ್ಪತ್ರೆಯ ಚೀಟಿ. ದುಆ ಮಾಡುತ್ತೇವೆ, ಚೀಟಿ ನೋಡಿದ ಮೇಲೆ.

ಕೊನೆಯದಾಗಿ, ಮರಿಗಳ ವಿಷಯ. ಬೆಕ್ಕಿನ ಮರಿಗಳನ್ನು ಚೀಲಕ್ಕೆ ತುಂಬಿ ಭದ್ರಾ ಸೇತುವೆಯಾಚೆ ಬಿಟ್ಟು ಬರುವುದು, ಹೆಣ್ಣು ನಾಯಿಮರಿಗಳನ್ನು ಸಂತೆಯ ದಿನ ಮೀನು ಮಾರುಕಟ್ಟೆಯ ಹಿಂದೆ ಇಳಿಸಿ ಹೋಗುವುದು ನಮ್ಮವರಲ್ಲೂ ಇದೆ. ಮಕ್ಕಾ ವಿಜಯದ ಪ್ರಯಾಣದಲ್ಲಿ ಮರಿಗಳಿಗೆ ಹಾಲೂಡಿಸುತ್ತಿದ್ದ ನಾಯಿಯೊಂದನ್ನು ದಾರಿಯಲ್ಲಿ ಕಂಡ ಪ್ರವಾದಿ(ಸ)ರವರು, ಸೈನ್ಯದವರು ಯಾರೂ ಅದಕ್ಕೆ ತೊಂದರೆ ಕೊಡದಂತೆ ಒಬ್ಬ ಸಹಾಬಿಯನ್ನು ಕಾವಲಿಗೆ ನಿಲ್ಲಿಸಿದ್ದನ್ನು ಇತಿಹಾಸಕಾರ ವಾಖಿದೀ ದಾಖಲಿಸಿದ್ದಾರೆ. ಕಣ್ಣು ಬಿಡದ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಬಿಟ್ಟುಬರುವುದು ಕೊಂದಂತೆಯೇ. ಹಾಗಾದರೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಬಹುದೇ ಎಂದು ಕೆಲವು ತಾಯಂದಿರು ಕೇಳಿದ್ದಾರೆ. ಪ್ರಯೋಜನವಿದ್ದರೆ ಹನಫೀ ಗ್ರಂಥಗಳು ಅನುಮತಿಸುತ್ತವೆ. ಶಾಫಿಈ ಗ್ರಂಥಗಳು ತಿನ್ನಲಾಗದ ಪ್ರಾಣಿಗಳಲ್ಲಿ ಅದನ್ನು ಒಪ್ಪುವುದಿಲ್ಲ. ಇಂದಿನ ಹಲವು ವಿದ್ವಾಂಸರು ಮರಿಗಳನ್ನು ಬೀದಿಗೆಸೆಯುವುದಕ್ಕೆ ಹೋಲಿಸಿ, ನೋವಾಗದಂತೆ ವೈದ್ಯರಿಂದ ಮಾಡಿಸುವುದಾದರೆ ಅವಕಾಶ ಕೊಟ್ಟಿದ್ದಾರೆ. ನಿಮ್ಮ ಮನೆಯ ಸ್ಥಿತಿ ಹೇಳಿ ನಿಮ್ಮ ಮಹಲ್ಲಾದ ಖತೀಬರನ್ನು ಕೇಳಿ, ಪಶು ಆಸ್ಪತ್ರೆಯವರನ್ನೂ ಕೇಳಿ. ಅಲ್ಲಿಯವರೆಗೆ ಮರಿಗಳು ತಾಯಿಯ ಬಳಿಯೇ ಇರಲಿ.