ಹಳೆಯ ಕಾರಿಗೆ ಹೊಸ ಜೀವ: ಆಯ್ಕೆಗೆ ಕೆಲವು ಸರಳ ಪ್ರಯೋಗಗಳು

ಯಾವುದೋ ಗ್ಯಾರೇಜಿನ ಮೂಲೆಯಲ್ಲಿ, ಹುಣಸೆಮರದ ಅಡಿಯಲ್ಲಿ ದೂಳು ಹೊದ್ದು ನಿಂತ ಪ್ರೀಮಿಯರ್ ಪದ್ಮಿನಿ ಕಾರನ್ನು ನೀವು ನೋಡಿರಬಹುದು. ಅದನ್ನು ಕೊಂಡು ದುರಸ್ತಿ ಮಾಡಿ ಮತ್ತೆ ರಸ್ತೆಗಿಳಿಸಬೇಕು ಎಂಬ ಆಸೆ ಇಂದು ಅನೇಕ ಯುವಕರಿಗಿದೆ. ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಂತೂ ಇದು ಒಳ್ಳೆಯ ಪ್ರಾಜೆಕ್ಟ್. ಆದರೆ ಹೀಗೆ ಕೊಂಡ ಕಾರುಗಳಲ್ಲಿ ಕೆಲವು ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ಉಳಿದು, ಕೊನೆಗೆ ಗುಜರಿಗೆ ಹೋಗುತ್ತವೆ. ಅವುಗಳ ಜೊತೆಗೆ ವರ್ಷಗಟ್ಟಲೆ ಕೂಡಿಟ್ಟ ಹಣವೂ ಹೋಗುತ್ತದೆ. ಹಾಗಾಗದಿರಲು ಏನು ಮಾಡಬೇಕು?

ಮೊದಲು ಒಂದು ಪ್ರಶ್ನೆ. ನಿಮ್ಮ ಮುಂದೆ ಎರಡು ಪದ್ಮಿನಿ ಕಾರುಗಳಿವೆ ಎಂದಿಟ್ಟುಕೊಳ್ಳಿ. 'ಅ' ಕಾರಿಗೆ ಹೊಳೆಯುವ ಬಣ್ಣ. ಕೀಲಿ ತಿರುಗಿಸಿದೊಡನೆ ಎಂಜಿನ್ ಚಾಲೂ ಆಗುತ್ತದೆ. ಆದರೆ ಅದರ ಅಡಿಭಾಗಕ್ಕೆ ತುಕ್ಕು ಹಿಡಿದಿದೆ. 'ಆ' ಕಾರಿನ ಬಣ್ಣ ಮಾಸಿದೆ. ಎಂಜಿನ್ ಬಿಗಿದುಕೊಂಡು ತಿರುಗುತ್ತಲೇ ಇಲ್ಲ. ಆದರೆ ಅದರ ತಗಡು ಎಲ್ಲೆಡೆ ಗಟ್ಟಿಯಾಗಿದೆ. ಬೆಲೆ ಎರಡಕ್ಕೂ ಒಂದೇ. ನೀವು ಯಾವುದನ್ನು ಆರಿಸುತ್ತೀರಿ? ಹೆಚ್ಚಿನವರು 'ಅ' ಎನ್ನುತ್ತಾರೆ. ಸರಿಯಾದ ಉತ್ತರ 'ಆ'. ಏಕೆಂದು ನೋಡೋಣ.

ಎಣಿಸಬಹುದಾದ ಖರ್ಚು, ಎಣಿಸಲಾಗದ ಖರ್ಚು

ಹಳೆಯ ಕಾರಿನ ನಿಜವಾದ ಬೆಲೆ ಎಂದರೆ ಕೊಳ್ಳುವ ಬೆಲೆ ಮತ್ತು ದುರಸ್ತಿಯ ಖರ್ಚು, ಇವೆರಡರ ಮೊತ್ತ. ಎಂಜಿನ್ ದುರಸ್ತಿ ಎಷ್ಟೇ ದೊಡ್ಡದಾದರೂ ಅದಕ್ಕೊಂದು ಮಿತಿಯುಂಟು. ಸಿಲಿಂಡರುಗಳನ್ನು ರೀಬೋರ್ ಮಾಡಿಸುವುದು, ಪಿಸ್ಟನ್, ರಿಂಗು, ಬೇರಿಂಗುಗಳನ್ನು ಬದಲಿಸುವುದು, ವಾಲ್ವುಗಳನ್ನು ಕೂರಿಸುವುದು - ಇವನ್ನೆಲ್ಲ ಪಟ್ಟಿ ಮಾಡಿ, ಮೊದಲೇ ಅಂದಾಜು ಹಾಕಬಹುದು. ಎಂಜಿನ್ ಎಂಬುದು ಬಿಡಿಭಾಗಗಳ ಕೂಟ. ಸವೆದ ಭಾಗವನ್ನು ತೆಗೆದು ಹೊಸದನ್ನು ಹಾಕಿದರೆ ಕೆಲಸ ಮುಗಿಯಿತು.

ತುಕ್ಕು ಹಾಗಲ್ಲ. ಅದು ಒಂದು ಭಾಗದ ದೋಷವಲ್ಲ, ಇಡೀ ಲೋಹಕ್ಕೆ ಹರಡುವ ಕ್ರಿಯೆ. ಬಣ್ಣದ ಮೇಲೆ ಕಾಣುವ ಒಂದು ಗುಳ್ಳೆಯ ಹಿಂದೆ ಎಷ್ಟು ಅಗಲದ ತಗಡು ಸವೆದಿದೆ ಎಂಬುದು ಬಣ್ಣ ಕೆರೆದ ಮೇಲಷ್ಟೇ ತಿಳಿಯುತ್ತದೆ. ಟಿಂಕರಿಂಗ್ ಕೆಲಸದ ಲೆಕ್ಕ ಪ್ರಾರಂಭದಲ್ಲಿ ಹೇಳಿದ್ದಕ್ಕಿಂತ ಬೆಳೆಯುತ್ತಾ ಹೋಗುವುದು ಇದೇ ಕಾರಣದಿಂದ.

ಮೂರು ಕಾರುಗಳು, ಎರಡು ರಚನೆಗಳು

ನಮ್ಮಲ್ಲಿ ಕೈಗೆಟಕುವ ಹಳೆಯ ಕಾರುಗಳೆಂದರೆ ಮುಖ್ಯವಾಗಿ ಮೂರು. ಮೊದಲನೆಯದು ಪದ್ಮಿನಿ. ಇಟಲಿಯ ಫಿಯಟ್ 1100 ಕಾರನ್ನು ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಮುಂಬಯಿಯ ಕುರ್ಲಾದಲ್ಲಿ ತಯಾರಿಸಿತು. 1974ರಿಂದ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಎಂಜಿನ್ ಗಾತ್ರ 1089 ಘನ ಸೆಂ.ಮೀ. ಎರಡನೆಯದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಈ ಕಾರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿತ್ತು. ಮೂರನೆಯದು 1960ರ ದಶಕದಲ್ಲಿ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್.

ಹೆರಾಲ್ಡ್ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಷಾಸಿ ಇದೆ. ಭಾರ ಹೊರುವುದು ಷಾಸಿಯ ಕೆಲಸ. ಮೇಲಿನ ಕವಚವನ್ನು ಅದಕ್ಕೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಆದ್ದರಿಂದ ಅದರಲ್ಲಿ ಷಾಸಿಯನ್ನೂ ಅದರಿಂದ ಪಕ್ಕಕ್ಕೆ ಚಾಚಿದ ತೋಳುಗಳನ್ನೂ ಮೊದಲು ಪರೀಕ್ಷಿಸಬೇಕು. ಪದ್ಮಿನಿ ಮತ್ತು ಅಂಬಾಸಿಡರ್‌ಗಳಲ್ಲಿ ಬೇರೆ ಷಾಸಿಯಿಲ್ಲ. ನೆಲ, ಬಾಗಿಲಿನ ಚೌಕಟ್ಟು, ಛಾವಣಿ ಎಲ್ಲವೂ ಒಂದಕ್ಕೊಂದು ಬೆಸೆದು ಒಂದೇ ಪೆಟ್ಟಿಗೆಯಂತಾಗಿ ಭಾರ ಹೊರುತ್ತವೆ. ಇಲ್ಲಿ ತಗಡೇ ಅಸ್ಥಿಪಂಜರ. ತಗಡು ತುಕ್ಕು ಹಿಡಿದರೆ ಹಾಳಾಗುವುದು ಅಂದವಷ್ಟೇ ಅಲ್ಲ, ಬಲ ಕೂಡ.

ಬಿಡಿಭಾಗಗಳ ಲಭ್ಯತೆಯೂ ಆಯ್ಕೆಯನ್ನು ನಿರ್ಧರಿಸಬೇಕು. ಪದ್ಮಿನಿ ಮುಂಬಯಿಯಲ್ಲಿ 2023ರ ಅಕ್ಟೋಬರ್ ತನಕ ಟ್ಯಾಕ್ಸಿಯಾಗಿ ಓಡಿತು. ಅಂಬಾಸಿಡರ್ ಕೂಡ ದೀರ್ಘಕಾಲ ಟ್ಯಾಕ್ಸಿಯೂ ಸರ್ಕಾರಿ ಕಾರೂ ಆಗಿತ್ತು. ಹಾಗಾಗಿ ಇವೆರಡರ ಯಾಂತ್ರಿಕ ಭಾಗಗಳು ಹುಡುಕಿದರೆ ಸಿಗುತ್ತವೆ. ಇವನ್ನು ಬಲ್ಲ ಮೆಕ್ಯಾನಿಕ್‌ಗಳೂ ಇದ್ದಾರೆ. ಹೆರಾಲ್ಡ್‌ಗೆ ಹುಡುಕಾಟ ಹೆಚ್ಚು. ಯಾವ ಕಾರಾದರೂ ಮುಂಗಾಜು, ದೀಪದ ಸುತ್ತಿನ ಕ್ರೋಮ್ ಪಟ್ಟಿ, ಬಾಗಿಲ ಹಿಡಿ ಇಂಥ ಸಣ್ಣ ವಸ್ತುಗಳು ಇವೆಯೇ ಎಂದು ನೋಡಿ. ಪಿಸ್ಟನ್ನಿಗಿಂತ ಇವನ್ನು ಹುಡುಕುವುದೇ ಕಷ್ಟ.

ಹೊಸ್ತಿಲಿನ ಭೌತವಿಜ್ಞಾನ

ಕಾರಿನೊಳಕ್ಕೆ ಕಾಲಿಡುವಾಗ ಬಾಗಿಲ ಕೆಳಗೆ ಉದ್ದಕ್ಕೂ ಒಂದು ಹೊಸ್ತಿಲು ಸಿಗುತ್ತದಲ್ಲವೆ? ಒಳಗೆ ಟೊಳ್ಳಾಗಿರುವ ಈ ಉಕ್ಕಿನ ಪೆಟ್ಟಿಗೆಯೇ ಪದ್ಮಿನಿಯಂಥ ಕಾರಿನ ಬೆನ್ನೆಲುಬು. ಇದರ ಮಹತ್ವವನ್ನು ತರಗತಿಯಲ್ಲೇ ತೋರಿಸಬಹುದು.

ಪ್ರಯೋಗ 1: ಒಂದು ದಪ್ಪ ಕಾಗದದ ಕೊಳವೆಯನ್ನು ತೆಗೆದುಕೊಳ್ಳಿ, ಅಗರಬತ್ತಿಯ ಉರುಟು ಪೊಟ್ಟಣವಾದರೂ ಸರಿ. ಎರಡೂ ತುದಿಗಳನ್ನು ಹಿಡಿದು ತಿರುಚಿ. ಅದು ಬಗ್ಗುವುದಿಲ್ಲ. ಈಗ ಕತ್ತರಿಯಿಂದ ಅದರ ಉದ್ದಕ್ಕೂ ಒಂದು ಸೀಳು ಮಾಡಿ ಮತ್ತೆ ತಿರುಚಿ. ಸುಲಭವಾಗಿ ತಿರುಚಿಕೊಳ್ಳುತ್ತದೆ! ನಾವು ತೆಗೆದುಹಾಕಿದ ಕಾಗದ ಎಷ್ಟು? ಏನೂ ಇಲ್ಲ.

ಮುಚ್ಚಿದ ಕೊಳವೆಯಲ್ಲಿ ತಿರುಚುವ ಬಲವನ್ನು ಇಡೀ ಪರಿಧಿ ಒಟ್ಟಾಗಿ ತಡೆಯುತ್ತದೆ. ಸೀಳಿದ ಕೊಳವೆಯಲ್ಲಿ ತಗಡಿನ ದಪ್ಪವೊಂದೇ ತಡೆಯಬೇಕು. ತೆಳುವಾದ ಉರುಟು ಕೊಳವೆಗೆ, ಸೀಳುವ ಮೊದಲಿನ ಮತ್ತು ನಂತರದ ತಿರುಚು ದೃಢತೆಗಳ ಅನುಪಾತ 3 × (ತ್ರಿಜ್ಯ ÷ ದಪ್ಪ)². ತ್ರಿಜ್ಯ 40 ಮಿ.ಮೀ., ದಪ್ಪ 1 ಮಿ.ಮೀ. ಆದರೆ ಈ ಅನುಪಾತ 4800. ಕಾರಿನ ಹೊಸ್ತಿಲು ಉರುಟಲ್ಲ, ನಿಜ. ಆದರೆ ತತ್ವ ಅದೇ. ಹೊಸ್ತಿಲಿನ ಕೆಳಗಿನ ಬೆಸುಗೆಯುದ್ದಕ್ಕೂ ತುಕ್ಕು ತಿಂದರೆ, ತೂಕದಲ್ಲಿ ಹೋಗುವುದು ಕೆಲವೇ ಗ್ರಾಮ್ ಉಕ್ಕು. ದೃಢತೆಯಲ್ಲಿ ಹೋಗುವುದು ಬಹುಪಾಲು.

ತುಕ್ಕು ಎಲ್ಲಿ ಅಡಗುತ್ತದೆ?

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 60 ಶೇಕಡಕ್ಕಿಂತ ಕಡಿಮೆಯಿದ್ದರೆ ಶುದ್ಧ ಮೇಲ್ಮೈಯಲ್ಲಿ ಈ ಕ್ರಿಯೆ ಬಹಳ ನಿಧಾನ. ಉಪ್ಪಿದ್ದರೆ ಅದು ತೇವವನ್ನು ಹಿಡಿದಿಡುತ್ತದೆ, ವಿದ್ಯುತ್ ವಾಹಕತೆಯನ್ನೂ ಹೆಚ್ಚಿಸಿ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಆದ್ದರಿಂದಲೇ ಕಾರವಾರ, ಉಡುಪಿ, ಮಂಗಳೂರುಗಳಲ್ಲಿ ಬಾಳಿದ ಕಾರಿಗಿಂತ ಚಿತ್ರದುರ್ಗ, ಬಳ್ಳಾರಿಗಳ ಒಣಹವೆಯಲ್ಲಿ ಬಾಳಿದ ಕಾರು ಮೇಲು. ಕಾರು ಈಗ ಎಲ್ಲಿದೆ ಎಂಬುದಕ್ಕಿಂತ ಹೆಚ್ಚು ವರ್ಷ ಎಲ್ಲಿತ್ತು ಎಂದು ವಿಚಾರಿಸಿ.

ಇನ್ನೊಂದು ವಿಶೇಷ ಗಮನಿಸಿ. ಎರಡು ತಗಡುಗಳು ಒಂದರ ಮೇಲೊಂದು ಕೂಡುವ ಸಂದಿಯಲ್ಲಿ ನೀರು ನಿಂತರೆ, ಸಂದಿಯ ಒಳಗೆ ಆಮ್ಲಜನಕ ಕಡಿಮೆ, ಹೊರಬಾಯಿಯಲ್ಲಿ ಹೆಚ್ಚು. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಆಮ್ಲಜನಕ ಕಡಿಮೆಯಿರುವ ಕಡೆ ಧನಾಗ್ರ. ಅಲ್ಲಿಯೇ ಕಬ್ಬಿಣ ಕರಗುತ್ತದೆ. ಅಂದರೆ ತುಕ್ಕು ಕಣ್ಣಿಗೆ ಕಾಣದ ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊಸ್ತಿಲಿನ ಕೆಳಗೆ, ಬಾಗಿಲುಗಳ ತಳದಲ್ಲಿ ನೀರು ಇಳಿಯಲು ಸಣ್ಣ ರಂಧ್ರಗಳಿರುತ್ತವೆ. ಮಣ್ಣು ತುಂಬಿ ಅವು ಮುಚ್ಚಿದ್ದರೆ ಒಳಗೆ ನೀರು ನಿಂತಿದೆಯೆಂದೇ ಅರ್ಥ. ಕಾಲಡಿಯ ಮ್ಯಾಟ್ ಎತ್ತಿ ನೆಲವನ್ನು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗವನ್ನು, ಹಿಂದಿನ ಪಟ್ಟೆ ಸ್ಪ್ರಿಂಗುಗಳು ದೇಹಕ್ಕೆ ಸೇರುವಲ್ಲಿನ ತಗಡನ್ನು ತಪ್ಪದೆ ನೋಡಿ.

ಕಾಂತದ ಸಾಕ್ಷ್ಯ

ತುಕ್ಕು ತಿಂದ ತೂತುಗಳನ್ನು ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದರೆ ಕಣ್ಣಿಗೆ ತಿಳಿಯದು. ಕಾಂತಕ್ಕೆ ತಿಳಿಯುತ್ತದೆ. ಉಕ್ಕು ಕಾಂತಕ್ಕೆ ಅಂಟುತ್ತದೆ, ಪುಟ್ಟಿ ಅಂಟದು. ಕಾಂತಕ್ಕೂ ಉಕ್ಕಿಗೂ ನಡುವಿನ ಅಂತರ ಹೆಚ್ಚಿದಂತೆ ಆಕರ್ಷಣೆ ಬಹುಬೇಗ ಕುಗ್ಗುತ್ತದೆ.

ಪ್ರಯೋಗ 2: ಫ್ರಿಜ್ಜಿನ ಮೇಲೆ ಅಂಟಿಸುವಂಥ ಪುಟ್ಟ ಕಾಂತವನ್ನು ಉಕ್ಕಿನ ಬೀರುವಿಗೆ ಅಂಟಿಸಿ. ನಡುವೆ ಒಂದೊಂದೇ ಕಾಗದದ ಹಾಳೆ ಸೇರಿಸುತ್ತಾ ಹೋಗಿ. ಎಷ್ಟನೆಯ ಹಾಳೆಗೆ ಕಾಂತ ಜಾರಿ ಬೀಳುತ್ತದೆಂದು ಎಣಿಸಿ. ಒಂದು ಹಾಳೆಯ ದಪ್ಪ ಸುಮಾರು 0.1 ಮಿ.ಮೀ.

ಕಾರ್ಖಾನೆಯ ಬಣ್ಣದ ದಪ್ಪವೂ ಹೆಚ್ಚುಕಡಿಮೆ ಒಂದೆರಡು ಹಾಳೆಯಷ್ಟೇ. 3 ಮಿ.ಮೀ. ಪುಟ್ಟಿಯೆಂದರೆ 30 ಹಾಳೆ! ಕಾಂತಕ್ಕೆ ತೆಳು ಬಟ್ಟೆ ಸುತ್ತಿ, ಕಾರಿನ ಮೇಲೆ ಅಂಗುಲ ಅಂಗುಲವಾಗಿ ಸರಿಸಿ. ಸೆಳೆತ ಸಡಿಲವಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಈ ಪರೀಕ್ಷೆಗೂ ಒಂದು ಮಿತಿಯಿದೆ: ತುಕ್ಕು ಹಿಡಿದು ತೆಳುವಾದ ತಗಡು ಕೂಡ ಕಾಂತವನ್ನು ಸೆಳೆಯುತ್ತದೆ. ಆದ್ದರಿಂದ ಬೆರಳಗೆಣ್ಣಿನಿಂದ ತಟ್ಟಿ ಸದ್ದನ್ನೂ ಕೇಳಬೇಕು. ಗಟ್ಟಿ ತಗಡು ಕಣಕಣ ಎನ್ನುತ್ತದೆ. ಪುಟ್ಟಿ ತುಂಬಿದ ಜಾಗದ ಸದ್ದು ಮಂಕು.

ಬಾಗಿಲಿನ ಸಂದು

ಬಾಗಿಲು ಮತ್ತು ಚೌಕಟ್ಟಿನ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಸಮನಾಗಿದೆಯೇ? ಮೇಲೆ ಅಗಲ, ಕೆಳಗೆ ಕಿರಿದು ಎಂದಾದರೆ ದೇಹ ಬಾಗಿರಬಹುದು ಅಥವಾ ಬಾಗಿಲಿನ ಕೀಲು ಸವೆದಿರಬಹುದು. ಯಾವುದೆಂದು ತಿಳಿಯುವುದು ಹೇಗೆ? ಬಾಗಿಲನ್ನು ಸ್ವಲ್ಪ ತೆರೆದು ಮೇಲೆ ಕೆಳಗೆ ಎತ್ತಿ ನೋಡಿ. ಅಲುಗಿದರೆ ದೋಷ ಕೀಲಿನದು. ಅಲುಗದಿದ್ದರೆ, ಸಮತಟ್ಟಾದ ನೆಲದಲ್ಲಿ ಜ್ಯಾಕ್ ಕೊಟ್ಟು ಒಂದು ಬದಿಯನ್ನು ತುಸು ಎತ್ತಿ, ಬಾಗಿಲನ್ನು ಮೆಲ್ಲನೆ ತೆರೆದು ಮುಚ್ಚಿ. ಮೊದಲು ಸಲೀಸಾಗಿದ್ದ ಬಾಗಿಲು ಈಗ ಸಿಕ್ಕಿಕೊಂಡರೆ ಹೊಸ್ತಿಲು ಭಾರ ಹೊರುತ್ತಿಲ್ಲ ಎಂದು ತಿಳಿಯಿರಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ಎಂದಿಗೂ ನುಸುಳಬೇಡಿ. ಜ್ಯಾಕ್ ತಗಡಿನೊಳಗೇ ಇಳಿಯತೊಡಗಿದರೆ ಪರೀಕ್ಷೆ ಅಲ್ಲಿಗೇ ಸಾಕು!

ಎಂಜಿನ್: ಒಂದು ಚಮಚ ಎಣ್ಣೆಯ ಪರೀಕ್ಷೆ

ತಿರುಗುವ ಎಂಜಿನ್ ಆದರೆ ಒತ್ತಡ ಅಳೆಯಿರಿ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಕಿಡಿಯ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರ್‌ನಿಂದ ತಿರುಗಿಸಬೇಕು. ಪ್ಲಗ್ಗಿನ ರಂಧ್ರಕ್ಕೆ ಕೂರಿಸಿದ ಗೇಜು ಪ್ರತಿ ಸಿಲಿಂಡರಿನ ಒತ್ತಡ ತೋರಿಸುತ್ತದೆ. ಉದಾಹರಣೆಗೆ, ಸಂಪೀಡನ ಅನುಪಾತ 7.5 ಎಂದಿಟ್ಟುಕೊಳ್ಳಿ. ಉಷ್ಣತೆ ಬದಲಾಗದಿದ್ದರೆ ಬಾಯಲ್ ನಿಯಮದಂತೆ ಒತ್ತಡ 7.5 ವಾಯುಮಂಡಲ, ಉಷ್ಣ ಸ್ವಲ್ಪವೂ ಸೋರದಿದ್ದರೆ ಸುಮಾರು 16.8. ನಿಜವಾದ ಎಂಜಿನ್ನಿನಲ್ಲಿ ಗಾಳಿಯೂ ಉಷ್ಣವೂ ಸೋರುತ್ತವೆ. ವಾಲ್ವು ತಡವಾಗಿ ಮುಚ್ಚುತ್ತದೆ. ಆದ್ದರಿಂದ ಅಳತೆ ದೊಡ್ಡ ಸಂಖ್ಯೆಗಿಂತ ಬಹಳ ಕೆಳಗಿರುತ್ತದೆ. ಹೀಗಾಗಿ ಒಂದು ಅಳತೆಗಿಂತ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ.

ಒಂದು ಸಿಲಿಂಡರಿನಲ್ಲಿ ಒತ್ತಡ ತೀರ ಕಡಿಮೆಯಿದೆಯೇ? ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಎಣ್ಣೆ ಪಿಸ್ಟನ್ ರಿಂಗಿನ ಸುತ್ತ ನಿಂತು ಸೋರಿಕೆ ತಡೆಯುತ್ತದೆ. ಆಗ ಒತ್ತಡ ಏರಿದರೆ ದೋಷ ರಿಂಗು ಅಥವಾ ಸಿಲಿಂಡರಿನದು; ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡರಲ್ಲೂ ಕಡಿಮೆಯಿದ್ದರೆ ನಡುವಿನ ಗ್ಯಾಸ್ಕೆಟ್ಟನ್ನು ಶಂಕಿಸಿ. ತಿರುಗದೆ ಬಿಗಿದ ಎಂಜಿನ್ನಾದರೆ ಈ ಪರೀಕ್ಷೆ ಸಾಧ್ಯವಿಲ್ಲ. ಪೂರ್ತಿ ದುರಸ್ತಿಯ ವೆಚ್ಚ ಹಿಡಿದು, ಅಷ್ಟನ್ನು ಬೆಲೆಯಲ್ಲಿ ಕಳೆಯಲು ಕೇಳಿ.

ಪೆಟ್ರೋಲ್ ಬದಲಾಗಿದೆ

ಈ ಕಾರುಗಳು ಹುಟ್ಟಿದ ಕಾಲದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವಿತ್ತು. ಅದು ವಾಲ್ವಿನ ಪೀಠಗಳನ್ನು ಸವೆತದಿಂದ ಕಾಪಾಡುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಈಗ ಬಂಕುಗಳಲ್ಲಿ 20 ಶೇಕಡದವರೆಗೆ ಎಥೆನಾಲ್ ಬೆರೆತ ಪೆಟ್ರೋಲ್ ಸಿಗುತ್ತಿದೆ. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ. ಒಂದು ಕಿಲೊಗ್ರಾಮ್ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊಗ್ರಾಮ್ ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಹಳೆಯ ಹೊಂದಾಣಿಕೆಯ ಕಾರ್ಬ್ಯುರೇಟರಿಗೆ ಇದು ತಿಳಿಯದು. ಅದು ಕೊಡುವ ಮಿಶ್ರಣದಲ್ಲಿ ಇಂಧನದ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಎಥೆನಾಲ್ ತಾಳುವ ಇಂಧನ ಕೊಳವೆಗಳು, ಕಾರ್ಬ್ಯುರೇಟರಿನ ಮರುಹೊಂದಾಣಿಕೆ, ಎಂಜಿನ್ ಬಿಚ್ಚಿದಾಗ ಗಡುಸಾದ ವಾಲ್ವಿನ ಪೀಠಗಳು - ಇವನ್ನು ಅಂದಾಜಿಗೆ ಸೇರಿಸಿ.

ಕಾಗದವೂ ಕಾರಿನ ಭಾಗವೇ

ಆರ್.ಸಿ. ಪುಸ್ತಕದ ಎಂಜಿನ್ ಮತ್ತು ಷಾಸಿ ಸಂಖ್ಯೆಗಳನ್ನು ಕಾರಿನ ಮೇಲಿನ ಸಂಖ್ಯೆಗಳೊಂದಿಗೆ ಅಕ್ಷರ ಬಿಡದೆ ತಾಳೆ ನೋಡಿ. ಪ್ರತ್ಯೇಕ ಷಾಸಿಯಿಲ್ಲದ ಕಾರಿನಲ್ಲಿ ಈ ಸಂಖ್ಯೆ ದೇಹದ ಮೇಲೇ ಇರುತ್ತದೆ. ತುಕ್ಕು ಅದನ್ನು ಅಳಿಸಿದರೆ ಕಾರಿನ ಗುರುತೇ ಹೋದಂತೆ. 2021ರ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರುಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯುಂಟು. ಅಂಥವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1985ರ ಪದ್ಮಿನಿಗೆ ಇದು ಇನ್ನೂ ಅನ್ವಯಿಸದು. ಅದು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು, ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಮಧ್ಯೆ ಯಾರಾದರೂ ಡೀಸೆಲ್ ಎಂಜಿನ್ ಕೂರಿಸಿದ್ದರೆ ಅದು ಆರ್.ಸಿ.ಯಲ್ಲಿ ದಾಖಲಾಗಿದೆಯೇ ನೋಡಿ. ದಾಖಲಾಗಿದ್ದರೂ ಮೂಲ ರೂಪ ಹೋದಂತೆಯೇ.

ಪರೀಕ್ಷೆಯ ಅನುಕ್ರಮ

ಈಗ ನಮ್ಮ ಮೊದಲ ಪ್ರಶ್ನೆಗೆ ಹಿಂತಿರುಗಿ. 'ಆ' ಕಾರಿಗೆ ಬೇಕಾದ ಎಂಜಿನ್ ದುರಸ್ತಿಯ ಖರ್ಚು ನಿಮಗೆ ಇಂದೇ ಗೊತ್ತು. 'ಅ' ಕಾರಿನ ತುಕ್ಕಿನ ಖರ್ಚು ಅದನ್ನು ಬಿಚ್ಚುವವರೆಗೆ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಕಾಗದಪತ್ರ ಮೊದಲು, ದೇಹ ಎರಡನೆಯದು, ಸಿಗದ ಸಣ್ಣ ವಸ್ತುಗಳು ಮೂರನೆಯದು, ಎಂಜಿನ್ ನಾಲ್ಕನೆಯದು, ಬಣ್ಣ ಕಟ್ಟಕಡೆಯದು - ಈ ಕ್ರಮದಲ್ಲಿ ಪರೀಕ್ಷಿಸಿ. ಮೊದಲೆರಡರಲ್ಲಿ ಸೋತ ಕಾರು ಎಷ್ಟೇ ಅಗ್ಗವಾದರೂ ದುಬಾರಿ.

ಅಧ್ಯಾಪಕರಿಗೆ ಒಂದು ಸಲಹೆ: ನಿಮ್ಮ ಊರಿನ ಗ್ಯಾರೇಜಿನಲ್ಲಿ ಇಂಥದೊಂದು ಕಾರು ನಿಂತಿದ್ದರೆ, ಮಾಲೀಕರ ಒಪ್ಪಿಗೆ ಪಡೆದು ವಿದ್ಯಾರ್ಥಿಗಳನ್ನು ಕರೆದೊಯ್ಯಿರಿ. ಕಾಂತ, ಸೀಮೆಸುಣ್ಣ, ಅಳತೆಪಟ್ಟಿ ಇಷ್ಟು ಸಾಕು. ಪುಟ್ಟಿ ಇರುವ ಜಾಗಗಳ ನಕ್ಷೆಯನ್ನು ಅವರೇ ಬರೆಯಲಿ. ಆ ಕಾರನ್ನು ಕೊಳ್ಳಬಹುದೇ, ಬಾರದೇ ಎಂಬುದನ್ನು ಕಾರಣ ಸಹಿತ ಅವರೇ ಹೇಳಲಿ.